ಕೃಪೆಯೂ ಋಣವೂ

ಅಪರಾಧ ಮಾಡಿದ ಮನುಷ್ಯನಿಗೆ ಎಚ್ಚರವುಂಟಾದಾಗ ಎರಡು ಪ್ರಶ್ನೆಗಳು ಎದುರಾಗುವುವು. ತಾನು ಮಾಡಿದುದಕ್ಕೆ ಪರಿಹಾರವುಂಟೆ ಎಂಬುದು ಮೊದಲನೆಯದು. ಆ ಪರಿಹಾರವನ್ನು ಸಲ್ಲಿಸುವುದಕ್ಕೆ ಮುಂಚೆಯೇ ತನ್ನನ್ನು ಹತ್ತಿರಕ್ಕೆ ಕರೆದುಕೊಳ್ಳುವವರುಂಟೆ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ನಮ್ಮ ಧರ್ಮಶಾಸ್ತ್ರಕಾರರು ವಿಸ್ತಾರವಾಗಿ ಉತ್ತರ ಹೇಳಿರುವರು. ಕೃಚ್ಛ್ರ ಚಾಂದ್ರಾಯಣಾದಿ ವ್ರತಗಳನ್ನೂ, ಯಾವ ಪಾಪಕ್ಕೆ ಯಾವ ವ್ರತವೆಂಬ ತಾರತಮ್ಯವನ್ನೂ ಅವರು ವಿಧಿಸಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಎರಡನೆಯ ಪ್ರಶ್ನೆಯನ್ನು ಭಕ್ತಿಮಾರ್ಗದ ಹಿರಿಯರು ಕೈಗೆತ್ತಿಕೊಂಡರು. ಕ್ರೈಸ್ತಮತವಾದರೋ ಈ ಎರಡನೆಯ ಪ್ರಶ್ನೆಯನ್ನೇ ತನ್ನ ಉಪದೇಶದ ಹೃದಯಸ್ಥಾನದಲ್ಲಿ ಇರಿಸಿಕೊಂಡಿದೆ. ಪಾಪಿಯು ಶುದ್ಧನಾದ ಮೇಲೆ ದೇವರು ಅವನನ್ನು ಸ್ವೀಕರಿಸುವನೆಂದು ಅದು ಹೇಳುವುದಿಲ್ಲ; ದೇವರು ಸ್ವೀಕರಿಸುವುದರಿಂದಲೇ ಅವನು ಶುದ್ಧನಾಗತೊಡಗುವನೆಂದು ಹೇಳುತ್ತದೆ.

ಈ ಮಾತು ಕೇಳುವುದಕ್ಕೆ ಇಂಪಾಗಿದೆ. ಆದರೆ ನ್ಯಾಯದೃಷ್ಟಿಯುಳ್ಳವರಿಗೆ ಇದರಿಂದ ಒಂದು ಶಂಕೆಯೂ ಹುಟ್ಟದಿರದು. ಅನ್ಯಾಯಕ್ಕೊಳಗಾದವನು ಇನ್ನೂ ಅಳುತ್ತಿರುವಾಗ ಅನ್ಯಾಯ ಮಾಡಿದವನು ತನಗೆ ಕೃಪೆ ದೊರಕಿತೆಂದು ಸಂತೋಷಪಡುವುದು ಧರ್ಮವೇ? ಇದನ್ನು ಬರಿಯ ತರ್ಕದಿಂದ ಇತ್ಯರ್ಥ ಮಾಡುವುದು ಕಷ್ಟ. ಒಬ್ಬ ಮನುಷ್ಯನ ಚರಿತ್ರೆಯನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಲೇಸು.

ಮೊದಲು ಪದದ ಅರ್ಥವನ್ನು ಗೊತ್ತುಮಾಡಿಕೊಳ್ಳೋಣ. ಕನ್ನಡ ಬೈಬಲಿನಲ್ಲಿ ಈ ಭಾವಕ್ಕೆ ಕೃಪೆಯೆಂಬ ನಮ್ಮ ಪದವನ್ನೇ ಬಳಸಿರುವರು. ಅರ್ಹತೆಯನ್ನು ನೋಡದೆ, ಪ್ರತಿಫಲವನ್ನು ಬಯಸದೆ ಬರುವ ದಯೆಯೆಂಬುದು ಅಲ್ಲಿ ಅದರ ತಾತ್ಪರ್ಯ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸುಕ್ರಿಸ್ತನು ಹೇಳಿದ ಕಥೆಯೊಂದಿದೆ. ಕಿರಿಯ ಮಗನು ತನ್ನ ಪಾಲನ್ನು ತೆಗೆದುಕೊಂಡು ದೂರದೇಶಕ್ಕೆ ಹೋಗಿ ಎಲ್ಲವನ್ನೂ ಹಾಳುಮಾಡಿ, ಬರಗಾಲದಲ್ಲಿ ಹಂದಿಗಳನ್ನು ಕಾಯುವ ಸ್ಥಿತಿಗೆ ಇಳಿಯುತ್ತಾನೆ. ತಂದೆಯ ಮನೆಯಲ್ಲಿ ಕೂಲಿಯಾಳಾಗಿಯಾದರೂ ಇರುವೆನೆಂದು ಹೇಳಿಕೊಳ್ಳಲು ನಿಶ್ಚಯಿಸಿ ಹಿಂದಿರುಗುತ್ತಾನೆ. ಆ ಕೂಲಿಯಾಳಿನ ಮಾತು ಬಾಯಿಂದ ಹೊರಡುವುದಕ್ಕೆ ಮುಂಚೆಯೇ ತಂದೆಯು ಓಡಿಬಂದು ಅವನನ್ನು ಅಪ್ಪಿಕೊಂಡು, ಒಳ್ಳೆಯ ವಸ್ತ್ರವನ್ನು ಉಡಿಸುತ್ತಾನೆ. ಮನೆಯಲ್ಲಿಯೇ ಇದ್ದು ದುಡಿದ ಹಿರಿಯ ಮಗನು ಕೋಪದಿಂದ ಹೊರಗೆ ನಿಲ್ಲುತ್ತಾನೆ. ಕಥೆಯು ಅವನ ಆಕ್ಷೇಪವನ್ನು ಮುಚ್ಚಿಡುವುದಿಲ್ಲ. ನಾವು ಮೇಲೆ ಹೇಳಿದ ಶಂಕೆಯು ಆ ಹಿರಿಯ ಮಗನ ಶಂಕೆಯೇ ಆಗಿದೆ.

ನಮ್ಮವರಿಗೆ ಈ ಭಾವವು ತೀರ ಹೊಸದಲ್ಲ. ಶ್ರೀವೈಷ್ಣವ ಸಂಪ್ರದಾಯದಲ್ಲಿ ಮರ್ಕಟಕಿಶೋರನ್ಯಾಯ, ಮಾರ್ಜಾಲಕಿಶೋರನ್ಯಾಯಗಳೆಂಬ ಎರಡು ದೃಷ್ಟಾಂತಗಳಿವೆ. ಕೋತಿಯ ಮರಿಯು ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿಯನ್ನಾದರೋ ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಹೋಗುವುದು. ಕ್ರೈಸ್ತರು ಹೇಳುವ ಕೃಪೆಯು ಈ ಎರಡನೆಯ ನ್ಯಾಯಕ್ಕೆ ಸಮೀಪವಾಗಿದೆಯೆಂದರೆ ಅರ್ಥಕ್ಕೆ ಬಹಳ ಹಾನಿಯಿಲ್ಲ. ಎರಡು ಮತಗಳನ್ನು ಒಂದೆಂದು ಸಾಧಿಸುವುದು ಇಲ್ಲಿಯ ಉದ್ದೇಶವಲ್ಲ. ಪರಿಚಿತವಾದ ಉಪಮಾನದಿಂದ ಅಪರಿಚಿತವು ಸುಲಭವಾಗಿ ತಿಳಿಯುವುದೆಂದು ಇಷ್ಟು ಹೇಳಿದೆವು.

ಇನ್ನು ಚರಿತ್ರೆ. ಜಾನ್ ನ್ಯೂಟನ್ ಎಂಬಾತನು 1725ರಲ್ಲಿ ಲಂಡನ್ ನಗರದಲ್ಲಿ ಹುಟ್ಟಿದನು. ಗುರುತ್ವಾಕರ್ಷಣವನ್ನು ನಿರೂಪಿಸಿದ ಐಸಾಕ್ ನ್ಯೂಟನ್ನನೇ ಬೇರೆ, ಈತನೇ ಬೇರೆ. ಈತನ ತಂದೆಯು ಹಡಗಿನ ಯಜಮಾನನು. ಬಾಲ್ಯದಲ್ಲಿ ಧರ್ಮಗ್ರಂಥವನ್ನು ಬಾಯಿಪಾಠ ಮಾಡಿಸಿದ ತಾಯಿಯು ಮಗನಿಗೆ ಏಳು ವರ್ಷ ತುಂಬುವುದರೊಳಗೆ ತೀರಿಕೊಂಡಳು. ಹುಡುಗನು ಎಳೆಯ ವಯಸ್ಸಿನಲ್ಲಿಯೇ ಸಮುದ್ರಯಾನಕ್ಕೆ ತೊಡಗಿ, ನಾಸ್ತಿಕನೂ ನಿಂದಕನೂ ಆಗಿ ಬೆಳೆದನು. 1744ರಲ್ಲಿ ಅವನನ್ನು ಬಲಾತ್ಕಾರವಾಗಿ ಹಿಡಿದು ಯುದ್ಧದ ಹಡಗಿಗೆ ಸೇರಿಸಿದರು. ಅಲ್ಲಿಂದ ತಪ್ಪಿಸಿಕೊಂಡು ಓಡಿ, ಸಿಕ್ಕಿಬಿದ್ದು, ಎಲ್ಲರೆದುರಿಗೆ ಚಾವಟಿಯೇಟುಗಳನ್ನು ತಿಂದನು. ಮುಂದೆ ಆಫ್ರಿಕಾ ಖಂಡದ ಪಶ್ಚಿಮ ತೀರದಲ್ಲಿ, ಸಿಯೆರಾ ಲಿಯೋನಿನ ಸಮೀಪದ ದ್ವೀಪಗಳಲ್ಲಿ, ಗುಲಾಮರ ವ್ಯಾಪಾರಿಯೊಬ್ಬನ ಆಳಾಗಿ ಸೇರಿದನು. ಆ ವ್ಯಾಪಾರಿಯ ಮನೆಯಲ್ಲಿ ಜ್ವರದಿಂದ ಮಲಗಿದಾಗ ಆತನಿಗೆ ಕುಡಿಯಲು ನೀರು ದೊರೆಯುವುದೂ ದುರ್ಲಭವಾಗಿತ್ತು. ಆತನ ಬಳಿ ಉಳಿದಿದ್ದುದು ಯೂಕ್ಲಿಡನ ರೇಖಾಗಣಿತದ ಪುಸ್ತಕವೊಂದು. ಅದನ್ನು ಕಡಲತೀರಕ್ಕೆ ಒಯ್ದು ಮರಳಿನ ಮೇಲೆ ಕಡ್ಡಿಯಿಂದ ಆಕೃತಿಗಳನ್ನು ಬರೆದು ಕಲಿತನಂತೆ.

ಆ ದಿನಗಳ ಸಂಗತಿಯೊಂದನ್ನು ನ್ಯೂಟನ್ನನು ತನ್ನ ಆತ್ಮಕಥೆಯಲ್ಲಿ ತಾನೇ ಬರೆದಿರುವನು. ಆತನು ಹಸಿವಿನಿಂದ ಸಾಯುವಂತಾಗಿದ್ದಾಗ, ಸಂಕಲೆ ಹಾಕಿಸಿಕೊಂಡಿದ್ದ ಗುಲಾಮರು ತಮಗೆ ದೊರೆಯುತ್ತಿದ್ದ ಅಲ್ಪಾಹಾರದಲ್ಲಿಯೇ ಒಂದಿಷ್ಟನ್ನು ಉಳಿಸಿ, ಯಜಮಾನರ ಕಣ್ಣಿಗೆ ಬೀಳದಂತೆ ತಂದುಕೊಡುತ್ತಿದ್ದರು. ಅವರಿಗೆ ಈತನಿಂದ ಆಗಬೇಕಾದುದೇನೂ ಇರಲಿಲ್ಲ. ಅವರನ್ನು ಕೊಂಡು ಮಾರುವವರ ಜಾತಿಗೇ ಈತನು ಸೇರಿದವನು. ಕೃಪೆಯೆಂಬ ಪದವನ್ನು ಈತನು ಕೀರ್ತನೆಯಲ್ಲಿ ಇಡುವುದಕ್ಕೆ ಇಪ್ಪತ್ತೈದು ವರ್ಷಗಳಿಗೂ ಮುಂಚೆ, ಅದು ಯಾವುದೆಂಬುದನ್ನು ಆ ಸಂಕಲೆಯವರು ಮಾಡಿ ತೋರಿಸಿದ್ದರು. ಅವರ ಹೆಸರುಗಳು ಲೋಕಕ್ಕೆ ತಿಳಿಯದೆ ಹೋದುವು.

1748ರ ಮಾರ್ಚಿಯಲ್ಲಿ, ಇಂಗ್ಲೆಂಡಿಗೆ ಹಿಂದಿರುಗುತ್ತಿದ್ದ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಭಯಂಕರವಾದ ಬಿರುಗಾಳಿಗೆ ಸಿಕ್ಕಿತು. ಹಲಗೆಗಳು ಒಡೆದು ನೀರು ನುಗ್ಗಿತು. ಗಂಟೆಗಟ್ಟಲೆ ನೀರನ್ನು ಹೊರಹಾಕಿ ಸೋತುಹೋದ ನ್ಯೂಟನ್ನನ ಬಾಯಿಂದ ಬಹುಕಾಲದ ಮೇಲೆ ದೇವರ ಕರುಣೆಯನ್ನು ಬೇಡುವ ಮಾತು ಹೊರಟಿತು. ಹಡಗು ಹೇಗೋ ಐರ್ಲೆಂಡಿನ ತೀರವನ್ನು ಸೇರಿತು. ಆ ಬಿರುಗಾಳಿಯ ದಿನವನ್ನು ಆತನು ಬದುಕಿರುವವರೆಗೂ ವರ್ಷವರ್ಷವೂ ಸ್ಮರಿಸಿ ಪ್ರಾರ್ಥನೆಯಲ್ಲಿ ಕಳೆಯುತ್ತಿದ್ದನು.

ಕಥೆಯನ್ನು ಇಲ್ಲಿಗೆ ಮುಗಿಸಿದರೆ ಕೇಳುವವರಿಗೂ ಹೇಳುವವರಿಗೂ ಸಂತೋಷವಾಗುವುದು. ಪಾಪಿಯು ಮೊರೆಯಿಟ್ಟನು, ದೇವರು ಕಾಪಾಡಿದನು, ಪಾಪಿಯು ಸಾಧುವಾದನು ಎಂದು ಮಂಗಳ ಹಾಡಬಹುದು. ಅನೇಕರು ಹಾಗೆಯೇ ಹೇಳುವರು. ಆದರೆ ಸತ್ಯವು ಅಷ್ಟು ಸುಲಭವಾಗಿಲ್ಲ. ಬಿರುಗಾಳಿಯಿಂದ ಪಾರಾದ ಮೇಲೆ ನ್ಯೂಟನ್ನನು ಸಾಧುವಾಗಲಿಲ್ಲ. ಗುಲಾಮರನ್ನು ಸಾಗಿಸುವ ಹಡಗಿನ ಅಧಿಕಾರಿಯಾದನು. 1748-49ರ ಯಾತ್ರೆಯಲ್ಲಿ ಆಫ್ರಿಕಾದ ಜನರನ್ನು ತುಂಬಿಕೊಂಡು ಅಮೆರಿಕದ ಚಾರ್ಲ್ಸ್‌ಟನ್ ರೇವಿಗೆ ಹೋದ ಹಡಗಿನಲ್ಲಿ ಆತನು ನಾಯಕನಿಗೆ ಎರಡನೆಯವನಾಗಿದ್ದನು. 1750ರಿಂದ 1754ರವರೆಗೆ ಮೂರು ಯಾತ್ರೆಗಳಲ್ಲಿ ತಾನೇ ನಾಯಕನಾಗಿದ್ದನು. ಆ ಯಾತ್ರೆಗಳ ದಿನಚರಿಯು ಇಂದಿಗೂ ಉಳಿದಿದೆ. ಅದರಲ್ಲಿ ಸತ್ತವರಿಗೆ ಹೆಸರಿಲ್ಲ. ಇಂತಹ ಅಂಕಿಯ ಗಂಡಸನ್ನು ಕಡಲಿಗೆ ಹಾಕಿದೆವು, ಇಂತಹ ಅಂಕಿಯ ಹುಡುಗಿಯನ್ನು ಕಡಲಿಗೆ ಹಾಕಿದೆವು ಎಂದು ಲೆಕ್ಕವಿದೆ. ದಂಗೆಯ ಸಂದೇಹದಿಂದ ಹುಡುಗರ ಹೆಬ್ಬೆರಳುಗಳನ್ನು ತಿರುಪಿನ ಇಕ್ಕಳದಲ್ಲಿ ಸಿಕ್ಕಿಸಿ ವಿಚಾರಿಸಿದುದೂ ಅದರಲ್ಲಿದೆ. ಮೇಲಟ್ಟದಲ್ಲಿ ಭಾನುವಾರದ ದಿನ ಎರಡು ಸಲ ನಾವಿಕರನ್ನು ಕೂಡಿಸಿ ದೇವರ ಪ್ರಾರ್ಥನೆ. ಕೆಳಗಿನ ಕತ್ತಲೆಯಲ್ಲಿ ಸಾಲುಸಾಲಾಗಿ ಸಂಕಲೆಯಲ್ಲಿ ಮಲಗಿದ ಮನುಷ್ಯರು. ಪ್ರಾರ್ಥನೆಯು ಕಪಟವಾಗಿರಲಿಲ್ಲವೆಂಬುದೇ ಇಲ್ಲಿ ಅತ್ಯಂತ ದುಃಖಕರವಾದ ಸಂಗತಿ.

1754ರಲ್ಲಿ ಆತನು ಆ ಕೆಲಸವನ್ನು ಬಿಟ್ಟುದೂ ಪಶ್ಚಾತ್ತಾಪದಿಂದಲ್ಲ. ಯಾತ್ರೆಗೆ ಹೊರಡಬೇಕೆಂದಿರುವಾಗ ಹಠಾತ್ತಾಗಿ ಮೂರ್ಛೆ ಬಂದು ಬಿದ್ದುದರಿಂದ ವೈದ್ಯರು ಹೋಗಬೇಡವೆಂದರು. ಸೆರೆಮನೆಯ ಕಾವಲುಗಾರನಂತಿರುವ ಆ ವೃತ್ತಿಯು ತನಗೆ ಬೇಸರವನ್ನುಂಟುಮಾಡಿತ್ತೆಂದೂ, ಅದಕ್ಕಿಂತ ದಯಾಪರವಾದ ಕೆಲಸವನ್ನು ಕೊಡಬೇಕೆಂದು ದೇವರನ್ನು ಬೇಡಿದ್ದುಂಟೆಂದೂ, ಆದರೆ ಅದು ಅಧರ್ಮವೆಂಬ ಯೋಚನೆಯೇ ತನಗೆ ಆಗ ಬರಲಿಲ್ಲವೆಂದೂ ಆತನೇ ಮುಂದೆ ಒಪ್ಪಿಕೊಂಡಿರುವನು. 1755ರಲ್ಲಿ ಲಿವರ್ಪೂಲ್ ಬಂದರಿನ ಸುಂಕದ ಇಲಾಖೆಯಲ್ಲಿ ಅಧಿಕಾರಿಯಾಗಿ, ಬಿಡುವಿನ ವೇಳೆಯಲ್ಲಿ ಗ್ರೀಕ್ ಹೀಬ್ರೂ ಭಾಷೆಗಳನ್ನು ಸ್ವಪ್ರಯತ್ನದಿಂದ ಅಭ್ಯಾಸಮಾಡಿದನು. 1764ರಲ್ಲಿ ಓಲ್ನಿ ಎಂಬ ಬಡ ಊರಿನ ಪಾದ್ರಿಯಾದನು. ಅಲ್ಲಿ 1773ರ ಹೊಸವರ್ಷದ ದಿನದ ಉಪದೇಶಕ್ಕಾಗಿ ಆತನು ರಚಿಸಿದ ಕೀರ್ತನೆಯೇ ‘ಅಮೇಜಿಂಗ್ ಗ್ರೇಸ್’ ಎಂದು ಇಂದು ಲೋಕಪ್ರಸಿದ್ಧವಾಗಿರುವುದು. ಕವಿ ವಿಲಿಯಂ ಕೂಪರನೊಡನೆ ಸೇರಿ 1779ರಲ್ಲಿ ಪ್ರಕಟಿಸಿದ ಓಲ್ನಿಯ ಕೀರ್ತನೆಗಳ ಸಂಗ್ರಹದಲ್ಲಿ ಅದು ಅಚ್ಚಾಯಿತು. ಕುರುಡನಾಗಿದ್ದವನಿಗೆ ದೃಷ್ಟಿ ಬಂದಿತೆಂಬುದು ಅದರ ಭಾವ. ಆದರೆ ಅದನ್ನು ಬರೆದ ಹೊತ್ತಿನಲ್ಲಿಯೂ ತಾನು ಸಾಗಿಸಿದ ಜನರ ವಿಷಯವಾಗಿ ಆತನು ಲೋಕದೆದುರಿಗೆ ಬಾಯಿ ತೆರೆದಿರಲಿಲ್ಲ.

ಕಡೆಗೆ 1788ರಲ್ಲಿ, ಹಡಗನ್ನು ಬಿಟ್ಟು ಮೂವತ್ತನಾಲ್ಕು ವರ್ಷಗಳಾದ ಮೇಲೆ, ಲಂಡನ್ನಿನಲ್ಲಿ ಪಾದ್ರಿಯಾಗಿದ್ದ ನ್ಯೂಟನ್ನನು ಆಫ್ರಿಕಾದ ಗುಲಾಮರ ವ್ಯಾಪಾರವನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದನು. ಬಹಿರಂಗವಾಗಿ ನಾಚಿಕೆಯನ್ನು ತಲೆಯ ಮೇಲೆ ಹೊತ್ತುಕೊಳ್ಳುವುದು ತನ್ನ ಕರ್ತವ್ಯವೆಂದೂ, ಈ ಒಪ್ಪಿಗೆಯು ಎಷ್ಟೇ ನಿಷ್ಕಪಟವಾದರೂ ತಾನು ಪಾಲುಗಾರನಾದ ದುಃಖವನ್ನು ತಡೆಯುವುದಕ್ಕಾಗಲಿ ಸರಿಪಡಿಸುವುದಕ್ಕಾಗಲಿ ಕಾಲ ಮೀರಿಹೋಯಿತೆಂದೂ ಅದರಲ್ಲಿ ಹೇಳಿದನು. ಅದೇ ವರ್ಷ ರಾಜನ ಮಂತ್ರಾಲೋಚನ ಸಭೆಯ ಮುಂದೆಯೂ, 1790ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆಯೂ ಸಾಕ್ಷಿ ನುಡಿದನು. ಆ ವ್ಯಾಪಾರವನ್ನು ನಿಲ್ಲಿಸಲು ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸನು 1785ರಲ್ಲಿ ರಾಜಕಾರ್ಯವನ್ನು ತ್ಯಜಿಸಬೇಕೆಂದು ಯೋಚಿಸಿ ಗುಟ್ಟಾಗಿ ತನ್ನ ಬಳಿಗೆ ಬಂದಾಗ, ಬಿಡಬೇಡವೆಂದು ಬುದ್ಧಿ ಹೇಳಿದವನೂ ಈತನೇ. ವ್ಯಾಪಾರವನ್ನು ನಿಷೇಧಿಸುವ ಶಾಸನವು 1807ರ ಮಾರ್ಚಿಯಲ್ಲಿ ಆಯಿತು. ಕಣ್ಣುಗಳು ಬಹುಮಟ್ಟಿಗೆ ಇಂಗಿಹೋಗಿದ್ದ ವೃದ್ಧನು ಅದನ್ನು ಕೇಳಿ, ಆ ವರ್ಷದ ಡಿಸೆಂಬರ್ 21ರಂದು ತನ್ನ ಎಂಬತ್ತೆರಡನೆಯ ವಯಸ್ಸಿನಲ್ಲಿ ಕಾಲವಾದನು.

ಈಗ ಪೂರ್ವಪಕ್ಷವನ್ನು ಸ್ಪಷ್ಟವಾಗಿ ಹೇಳೋಣ. ಮೊದಲನೆಯ ಆಕ್ಷೇಪವೇನೆಂದರೆ: ಕೃಪೆಯು ಹೀಗೆ ಪುಕ್ಕಟೆಯಾಗಿ ದೊರೆಯುವುದಾದರೆ ಮನುಷ್ಯನು ಪಾಪಕ್ಕೆ ಅಂಜುವುದೇಕೆ? ಬಿರುಗಾಳಿಯಲ್ಲಿ ಸಿಕ್ಕಿದ ಕೃಪೆಯು ನ್ಯೂಟನ್ನನಿಗೆ ಆರು ವರ್ಷಗಳ ಕಾಲ ಮನುಷ್ಯರನ್ನು ಮಾರುವುದಕ್ಕೆ ನೆಮ್ಮದಿಯನ್ನು ಕೊಟ್ಟಿತಲ್ಲದೆ ಮತ್ತೇನನ್ನು ಕೊಟ್ಟಿತು? ಈ ಆಕ್ಷೇಪವು ಪ್ರಾಚೀನವಾದುದು. ಕ್ರಿಸ್ತನ ಶಿಷ್ಯರನ್ನು ಹಿಂಸಿಸಿ, ಸ್ತೆಫನನನ್ನು ಕಲ್ಲೆಸೆದು ಕೊಲ್ಲುವಾಗ ಸಮ್ಮತಿಸಿ ನಿಂತಿದ್ದು, ಅನಂತರ ಅದೇ ಮತದ ಪ್ರಚಾರಕನಾದ ಪೌಲನೇ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಇದನ್ನು ಎತ್ತಿ, ಕೃಪೆಯು ಹೆಚ್ಚಲೆಂದು ಪಾಪದಲ್ಲಿ ನಿಲ್ಲುವುದು ಎಂದಿಗೂ ಕೂಡದೆಂದು ಖಂಡಿಸಿರುವನು.

ಇದಕ್ಕೆ ಸಮಾಧಾನವನ್ನು ಮನುಷ್ಯಸ್ವಭಾವದಲ್ಲಿಯೇ ಹುಡುಕಬೇಕು. ತಪ್ಪಿಗೆ ಶಿಕ್ಷೆಯೊಂದೇ ಗತಿಯೆಂದು ತಿಳಿದವನು ತಪ್ಪನ್ನು ಏನು ಮಾಡುವನು? ಬಚ್ಚಿಡುವನು, ಇತರರಿಂದ ಮಾತ್ರವಲ್ಲ, ತನ್ನಿಂದಲೇ ಬಚ್ಚಿಡುವನು. ಬೆತ್ತವನ್ನು ಮಾತ್ರ ಬಲ್ಲ ತರಗತಿಯಲ್ಲಿ ಸುಳ್ಳು ಹೆಚ್ಚುವುದೆಂಬುದನ್ನು ಪಾಠ ಹೇಳಿದವರೆಲ್ಲರೂ ಬಲ್ಲರು. ಕೈಬಿಡುವುದಿಲ್ಲವೆಂಬ ಭರವಸೆಯಿರುವ ಕಡೆಯಲ್ಲಿಯೇ ಹುಡುಗನು ತಾನಾಗಿ ಬಂದು ನಿಜವನ್ನು ಹೇಳುವನು. ನ್ಯೂಟನ್ನನು ಅರುವತ್ತಮೂರನೆಯ ವಯಸ್ಸಿನಲ್ಲಿ, ಗೌರವಸ್ಥನಾದ ಪಾದ್ರಿಯಾಗಿ ಹೆಸರು ಪಡೆದ ಮೇಲೆ, ತನ್ನ ಅಪಕೀರ್ತಿಯನ್ನು ತಾನೇ ಅಚ್ಚುಹಾಕಿಸಬೇಕಾದ ಬಲವಂತವು ಯಾರದೂ ಇರಲಿಲ್ಲ. ಜನರ ಮನ್ನಣೆಯು ಹೋದರೂ ತಾನು ಅನಾಥನಾಗೆನೆಂಬ ಧೈರ್ಯವಿದ್ದವನಿಗೆ ಮಾತ್ರ ಅದು ಸಾಧ್ಯ. ಆ ಧೈರ್ಯವನ್ನು ಕೊಟ್ಟುದು ಕೃಪೆ. ಆದುದರಿಂದ ಕೃಪೆಯು ತಪ್ಪನ್ನು ಮರೆಯಿಸುವ ಮದ್ದಲ್ಲ. ತಪ್ಪನ್ನು ಕಣ್ಣಿಟ್ಟು ನೋಡುವುದಕ್ಕೆ ಬೇಕಾದ ಬಲ.

ಹಾಗಾದರೆ ನಲವತ್ತು ವರ್ಷಗಳ ವಿಳಂಬವೇಕೆ? ಇದಕ್ಕೆ ಮುಖಸ್ತುತಿಯ ಉತ್ತರವಿಲ್ಲ. ಗುಲಾಮರ ವ್ಯಾಪಾರವು ಆ ಕಾಲದ ಇಂಗ್ಲೆಂಡಿನಲ್ಲಿ ಮರ್ಯಾದಸ್ಥರ ವೃತ್ತಿಯೆನಿಸಿತ್ತು. ಕುಡಿತವೂ ದೇವನಿಂದೆಯೂ ಪಾಪವೆಂದು ಎಲ್ಲರೂ ಹೇಳುತ್ತಿದ್ದುದರಿಂದ ನ್ಯೂಟನ್ನನಿಗೆ ಅವು ಕೂಡಲೇ ಕಂಡುವು. ನೆರೆಹೊರೆಯವರೆಲ್ಲರೂ ಕೂಡಿ ಮಾಡುತ್ತಿದ್ದ ಪಾಪವು ಕಾಣಲಿಲ್ಲ. ಎಲ್ಲ ಸಮಾಜಗಳಲ್ಲಿಯೂ ರೂಢಿಯು ಹೀಗೆಯೇ ಕಣ್ಣು ಕಟ್ಟುವುದು. ಕೃಪೆಯು ದೀಪ ಹಚ್ಚಿದಂತೆ ಒಮ್ಮೆಗೇ ಬೆಳಗುವುದಿಲ್ಲವೆಂದೂ, ನಸುಕು ಹರಿದಂತೆ ನಿಧಾನವಾಗಿ ಬೆಳಗುವುದೆಂದೂ ಈ ಚರಿತ್ರೆಯಿಂದ ತಿಳಿಯುತ್ತದೆ. ಬಿರುಗಾಳಿಯ ದಿನ ತಾನು ಪೂರ್ಣವಾದ ಅರ್ಥದಲ್ಲಿ ಭಕ್ತನಾಗಿದ್ದೆನೆಂದು ಹೇಳಲಾರೆನೆಂಬುದು ಆತನ ಮಾತೇ ಆಗಿದೆ. ಆದರೆ ಆ ನಿಧಾನಕ್ಕೆ ಬೆಲೆ ತೆತ್ತವರು ಆತನಲ್ಲ, ಕೆಳಗಿನ ಕತ್ತಲೆಯಲ್ಲಿ ಮಲಗಿದವರು. ಇದನ್ನು ಮರೆತು ಆತನ ಕೀರ್ತನೆಯನ್ನು ಹಾಡುವುದು ಧರ್ಮವಲ್ಲ.

ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದುದು. ನನ್ನ ಮನೆಯನ್ನು ಸುಟ್ಟವನನ್ನು ದೇವರು ಕ್ಷಮಿಸಿದರೆ ನನಗೇನು? ಕ್ಷಮಿಸುವ ಅಧಿಕಾರವು ನೊಂದವನದಲ್ಲವೆ? ಇಲ್ಲಿ ಸುವಾರ್ತೆಯ ಎರಡು ಪ್ರಸಂಗಗಳನ್ನು ಜೊತೆಯಾಗಿಟ್ಟು ನೋಡಬೇಕು. ಶಿಲುಬೆಯ ಮೇಲೆ ಕ್ರಿಸ್ತನ ಪಕ್ಕದಲ್ಲಿ ಸಾಯುತ್ತಿದ್ದ ಕಳ್ಳನೊಬ್ಬನು ತನ್ನನ್ನು ನೆನೆಸಿಕೊಳ್ಳಬೇಕೆಂದು ಬೇಡಲು, ಆ ದಿನವೇ ಪರದೈಸಿನಲ್ಲಿರುವೆಯೆಂಬ ಅಭಯವು ದೊರೆಯಿತು. ಅವನಿಗೆ ಯಾರ ಸೊತ್ತನ್ನೂ ಹಿಂದಿರುಗಿಸುವ ಕಾಲವಾಗಲಿ ಕೈಗಳಾಗಲಿ ಉಳಿದಿರಲಿಲ್ಲ. ಯೆರಿಕೋ ಊರಿನ ಜಕ್ಕಾಯನೆಂಬ ಸುಂಕದವನ ವಿಷಯವು ಬೇರೆ. ಜನರನ್ನು ಸುಲಿದು ಐಶ್ವರ್ಯವಂತನಾಗಿದ್ದ ಅವನ ಮನೆಗೆ, ಎಲ್ಲರೂ ಗುಣುಗುಟ್ಟುತ್ತಿರುವಾಗ, ಕ್ರಿಸ್ತನು ತಾನಾಗಿ ಅತಿಥಿಯಾಗಿ ಹೋದನು. ಅದಕ್ಕೆ ಮುಂಚೆ ಯಾವ ನಿಬಂಧನೆಯನ್ನೂ ಹಾಕಲಿಲ್ಲ. ಆಗ ಜಕ್ಕಾಯನು ಎದ್ದುನಿಂತು, ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದೂ, ಅನ್ಯಾಯವಾಗಿ ತೆಗೆದುಕೊಂಡುದಕ್ಕೆ ನಾಲ್ಕರಷ್ಟನ್ನು ಹಿಂದಕ್ಕೆ ಕೊಡುವೆನೆಂದೂ ನುಡಿದನು. ಆಯುಸ್ಸು ಮುಗಿದವನಿಗೆ ಕೃಪೆಯು ಬರಿಗೈಯಲ್ಲಿಯೇ ಸಲ್ಲುವುದು. ಆಯುಸ್ಸು ಉಳಿದವನನ್ನಾದರೋ ಅದು ನೊಂದವರ ಬಾಗಿಲಿಗೆ ಕಳುಹಿಸುವುದು. ಅಲ್ಪಮೌಲ್ಯದ ಪದಾರ್ಥವನ್ನು ಪರರ ಮನೆಯಿಂದ ಕದ್ದವನು ಅದನ್ನು ಒಡೆಯನಿಗೆ ಹಿಂದಿರುಗಿಸಿಯೇ ಸಾಂತಪನ ಕೃಚ್ಛ್ರವನ್ನು ಆಚರಿಸಬೇಕೆಂದು ಮನುಸ್ಮೃತಿಯೂ ವಿಧಿಸುತ್ತದೆ. ಕ್ರಮದಲ್ಲಿ ಭೇದವಿದ್ದರೂ ಋಣವನ್ನು ತೀರಿಸಬೇಕೆಂಬುದರಲ್ಲಿ ಭೇದವಿಲ್ಲ.

ನ್ಯೂಟನ್ನನು ತೀರಿಸಬೇಕಾದ ಋಣವು ತೀರುವಂತಹದಾಗಿರಲಿಲ್ಲ. ಕಡಲಿಗೆ ಹಾಕಿದವರನ್ನು ಹಿಂದಕ್ಕೆ ತರುವುದೆಂತು? ಮಾರಿದವರ ಮಕ್ಕಳು ಮೊಮ್ಮಕ್ಕಳು ಗುಲಾಮರಾಗಿಯೇ ಹುಟ್ಟುತ್ತಿದ್ದರು. ಆತನ ಕೈಯಲ್ಲಿದ್ದುದು ಸತ್ಯವೊಂದೇ. ಹಡಗಿನೊಳಗೆ ಏನು ನಡೆಯುತ್ತಿತ್ತೆಂಬುದನ್ನು ಕಂಡವನಾಗಿ, ಮಾಡಿದವನಾಗಿ ಹೇಳುವುದೊಂದೇ. ಅದನ್ನು ಆತನು ಸಲ್ಲಿಸಿದನು. ಉಳಿದುದು ಬಾಕಿಯಾಗಿಯೇ ನಿಂತಿತು, ಬಾಕಿಯಿದೆಯೆಂದು ಆತನು ಬಚ್ಚಿಡಲೂ ಇಲ್ಲ. ತಾನು ಮಹಾಪಾಪಿಯೆಂಬುದನ್ನೂ ಕ್ರಿಸ್ತನು ಮಹಾರಕ್ಷಕನೆಂಬುದನ್ನೂ ಬಿಟ್ಟು ಮಿಕ್ಕುದೆಲ್ಲವೂ ಮರೆತುಹೋಗುತ್ತಿದೆಯೆಂದು ಮುಪ್ಪಿನಲ್ಲಿ ಹೇಳುತ್ತಿದ್ದನೆಂದು ಆತನ ಚರಿತ್ರಕಾರರು ಬರೆದಿರುವರು. ಆ ಎರಡು ಮಾತುಗಳಲ್ಲಿ ಎರಡನೆಯದನ್ನು ಮಾತ್ರ ಉಳಿಸಿಕೊಂಡು ಮೊದಲನೆಯದನ್ನು ಮರೆಯುವುದು ಸುಲಭವಾಗಿತ್ತು. ಆತನು ಹಾಗೆ ಮಾಡಲಿಲ್ಲ.

ನೊಂದವರ ಕ್ಷಮೆಯು ಯಾರ ಹಕ್ಕೂ ಅಲ್ಲ. ಅದನ್ನು ಕೇಳಿ ಪಡೆಯುವಂತಿಲ್ಲ, ದೇವರ ಹೆಸರನ್ನು ಹೇಳಿ ವಸೂಲು ಮಾಡುವಂತೆಯೂ ಇಲ್ಲ. ಬಂದರೆ ಅದೂ ಒಂದು ಕೃಪೆಯೇ. ನ್ಯೂಟನ್ನನು ಮನುಷ್ಯರ ಹೊರೆಯೊಡನೆ ಹೋಗಿಳಿದ ಅದೇ ಚಾರ್ಲ್ಸ್‌ಟನ್ ನಗರದಲ್ಲಿ, 2015ರ ಜೂನ್ 17ರ ರಾತ್ರಿ, ಕಪ್ಪು ಜನರ ಪ್ರಾಚೀನವಾದ ಎಮಾನುಯೆಲ್ ದೇವಾಲಯದಲ್ಲಿ ಬೈಬಲ್ ಓದುತ್ತ ಕುಳಿತಿದ್ದವರ ಪೈಕಿ ಒಂಬತ್ತು ಮಂದಿಯನ್ನು ಒಬ್ಬ ಬಿಳಿಯ ಯುವಕನು ಜನಾಂಗದ್ವೇಷದಿಂದ ಗುಂಡಿಟ್ಟು ಕೊಂದನು. ಆ ಅಪರಿಚಿತನನ್ನು ಅವರು ತಮ್ಮ ನಡುವೆ ಕುಳ್ಳಿರಿಸಿಕೊಂಡಿದ್ದರು. ಎರಡು ದಿನಗಳ ಮೇಲೆ ನ್ಯಾಯಾಲಯದಲ್ಲಿ ಸತ್ತವರ ಬಂಧುಗಳಲ್ಲಿ ಕೆಲವರು ಅಳುತ್ತಲೇ ಅವನನ್ನು ಕ್ಷಮಿಸಿದೆವೆಂದು ಹೇಳಿದರು. ಎಲ್ಲರೂ ಹೇಳಲಿಲ್ಲ, ಹೇಳದವರನ್ನು ಕಡಿಮೆಯವರೆಂದು ಎಣಿಸುವ ಅಧಿಕಾರ ಯಾರಿಗೂ ಇಲ್ಲ. ನ್ಯಾಯಾಲಯವೂ ತನ್ನ ಕೆಲಸವನ್ನು ನಿಲ್ಲಿಸಲಿಲ್ಲ. ಆ ತಿಂಗಳ 26ರಂದು, ಸತ್ತ ಸಭಾಪಾಲಕ ಕ್ಲೆಮೆಂಟಾ ಪಿಂಕ್ನಿಯವರ ಅಂತ್ಯಕ್ರಿಯೆಯ ಸಭೆಯಲ್ಲಿ, ಅಂದಿನ ಅಧ್ಯಕ್ಷ ಬರಾಕ್ ಒಬಾಮಾ ಅವರು ಮಾತನಾಡುತ್ತ ನಡುವೆ ಸುಮ್ಮನಾಗಿ, ನ್ಯೂಟನ್ನನ ಕೀರ್ತನೆಯನ್ನು ಹಾಡತೊಡಗಲು, ನೆರೆದವರೆಲ್ಲರೂ ಎದ್ದು ದನಿಗೂಡಿಸಿದರು. ಗುಲಾಮರ ಹಡಗಿನ ನಾಯಕನು ಬರೆದ ಹಾಡನ್ನು ಗುಲಾಮರ ಸಂತತಿಯವರು ತಮ್ಮದನ್ನಾಗಿ ಮಾಡಿಕೊಂಡು ಎಷ್ಟೋ ಕಾಲವಾಗಿತ್ತು. ಹಸಿದ ನ್ಯೂಟನ್ನನಿಗೆ ಸಂಕಲೆಯ ಕೈಗಳು ತುತ್ತು ನೀಡಿದುದನ್ನು ಬಲ್ಲವರಿಗೆ ಇದು ಹೊಸ ಔದಾರ್ಯವೆಂದು ತೋರದು.

ಇಷ್ಟರಿಂದ ನಮ್ಮ ಗೃಹಕೃತ್ಯಕ್ಕೆ ಒದಗುವ ವಿವೇಕವೇನು? ಪ್ರತಿಯೊಂದು ಮನೆತನದಲ್ಲಿಯೂ ತಪ್ಪುಮಾಡಿ ದೂರವಾದವರೊಬ್ಬರು ಇರುವರು: ದಾಯಾದಿಗಳ ಪಾಲನ್ನು ನುಂಗಿದವನು, ಹೆತ್ತವರನ್ನು ಮುಪ್ಪಿನಲ್ಲಿ ಕೈಬಿಟ್ಟವನು, ಕೈಹಿಡಿದವಳನ್ನು ನೋಯಿಸಿದವನು. ಅಂಥವನು ಹಿಂದಿರುಗಿ ಬಂದಾಗ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುವೆವು. ಬಾಗಿಲು ಹಾಕುವೆವು, ಇಲ್ಲವೆ, ಆದುದಾಯಿತು ಬಿಡು ಎಂದು ಹೇಳಿ, ನೊಂದವರ ಬಾಯನ್ನು ಮುಚ್ಚಿಸುವೆವು. ಮೊದಲನೆಯದರಿಂದ ಅವನಿಗೆ ತಿದ್ದಿಕೊಳ್ಳುವ ನೆಲೆಯೇ ಇಲ್ಲದಂತಾಗುವುದು. ಎರಡನೆಯದರಿಂದ ಅವನಿಗೆ ತಿದ್ದಿಕೊಳ್ಳುವ ಅಗತ್ಯವೇ ತಪ್ಪುವುದು. ಜಕ್ಕಾಯನ ಮನೆಯಲ್ಲಿ ನಡೆದುದು ಇವೆರಡಕ್ಕಿಂತ ಬೇರೆಯಾದುದು. ಅಲ್ಲಿ ಬಂದ ಅತಿಥಿಯು ಅವನೊಡನೆ ಊಟಕ್ಕೆ ಕುಳಿತನು, ಅವನು ಸಾಲವನ್ನು ತೀರಿಸುವೆನೆಂದಾಗ ಬೇಡವೆನ್ನಲಿಲ್ಲ. ಬಂದವನಿಗೆ ಎಲೆ ಹಾಕಿ ಬಡಿಸೋಣ. ಊಟವಾದ ಮೇಲೆ ಯಾರಿಗೆ ಏನು ಸಲ್ಲಬೇಕೆಂಬ ಮಾತನ್ನೂ ಅವನೊಡನೆ ಆಡೋಣ.